ಸೋತವರೇ ನಗಿಸುವ ಆಟಗಳು: ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯ ಸಂಪಾದಕರೇ,

ನಾನು ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದವಳು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಕಾದಂಬರಿಗಳಲ್ಲಿ ರಾತ್ರಿಯೂಟ ಮುಗಿಸಿ ಮನೆಮಂದಿಯೆಲ್ಲ ಕುಳಿತು ಆಡುವ ಆಟಗಳನ್ನು ಓದಿ ಆಸೆಪಟ್ಟಿದ್ದೇನೆ. ಕಳೆದ ದೀಪಾವಳಿಗೆ ನಮ್ಮಲ್ಲಿ ಹದಿನಾರು ಜನ ಸೇರಿದ್ದಾಗ, ಮಾತಿಲ್ಲದೆ ನಟಿಸಿ ಸಿನಿಮಾ ಹೆಸರು ಊಹಿಸುವ ಡಂಬ್ ಶೆರಾಡ್ಸ್ ಆಡಿಸಿದೆ. ಅಂಕದ ವಿಷಯಕ್ಕೆ ಅಳಿಯಂದಿರಿಬ್ಬರ ನಡುವೆ ಮಾತು ಬೆಳೆದು, ಒಬ್ಬರು ಊಟಕ್ಕೂ ಏಳಲಿಲ್ಲ. ಆ ಹಳೆಯ ಪಾರ್ಲರ್ ಆಟಗಳಲ್ಲಿ ಎಂಟು ವರ್ಷದ ಮೊಮ್ಮಗಳಿಂದ ಎಂಬತ್ತು ದಾಟಿದ ನಮ್ಮ ಅತ್ತೆಯವರವರೆಗೆ ಎಲ್ಲರೂ ಇಂದು ಕನ್ನಡದಲ್ಲಿ ಆಡಬಹುದಾದವು ಯಾವುವು? ಮೊಬೈಲ್ ಹಿಡಿದು ಮೂಲೆ ಸೇರುವ ನನ್ನ ತಮ್ಮನನ್ನು ಏನು ಮಾಡಲಿ?

ನಿವೃತ್ತ ಅಧ್ಯಾಪಕಿ, ಶಿವಮೊಗ್ಗ

ಮಾನ್ಯರೇ,

ನಿಮ್ಮ ಮನೆಯ ಜಗಳಕ್ಕೆ ನಿಮ್ಮ ಅಳಿಯಂದಿರು ಕಾರಣರಲ್ಲ, ಆ ಸಂಜೆ ಗೋಡೆಯ ಮೇಲೋ ಹಾಳೆಯ ಮೇಲೋ ಬರೆದಿಟ್ಟ ಅಂಕಪಟ್ಟಿ ಕಾರಣ ಎಂಬುದು ನನ್ನ ತೀರ್ಮಾನ. ನೀವು ಓದಿ ಆಸೆಪಟ್ಟ ಆಟಗಳಲ್ಲಿ ಬಹುಪಾಲಿಗೆ ಅಂಕವೇ ಇರಲಿಲ್ಲ. ಅಲ್ಲಿ ಗೆದ್ದವರಿಗೆ ಸಿಗುತ್ತಿದ್ದುದು ಅತ್ಯಲ್ಪ, ಸೋತವರು ಮಾಡಬೇಕಾಗುತ್ತಿದ್ದುದೇ ಆ ರಾತ್ರಿಯ ಮನರಂಜನೆ. ಈ ಒಂದು ವಿಷಯವನ್ನು ಬಿಟ್ಟು ಆಟಗಳನ್ನು ಮಾತ್ರ ಎತ್ತಿಕೊಂಡು ಬಂದರೆ ನಮಗೆ ಉಳಿಯುವುದು ಕಾಲೇಜು ಉತ್ಸವದ ಸ್ಪರ್ಧೆಯೇ ಹೊರತು ಮನೆಯ ಆಟವಲ್ಲ.

ಮೊದಲು ಆ ಪದದ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ‘ಪಾರ್ಲರ್’ ಎಂದೊಡನೆ ನಮ್ಮ ಊರುಗಳಲ್ಲಿ ನೆನಪಾಗುವುದು ಹುಬ್ಬು ತಿದ್ದುವ ಅಂಗಡಿ ಅಥವಾ ಹಾಲಿನ ಅಂಗಡಿ. ಫ್ರೆಂಚಿನಲ್ಲಿ ‘ಪಾರ್ಲೆ’ ಎಂದರೆ ಮಾತನಾಡು. ಮೌನವೇ ನಿಯಮವಾಗಿದ್ದ ಕ್ರೈಸ್ತ ಮಠಗಳಲ್ಲಿ ಮಾತನಾಡಲು ಅನುಮತಿ ಇದ್ದ ಕೋಣೆಯನ್ನು ಆ ಕ್ರಿಯಾಪದದಿಂದ ಹುಟ್ಟಿದ ಹೆಸರಿನಿಂದ ಕರೆಯುತ್ತಿದ್ದರು. ಅದೇ ಪದ ಮುಂದೆ ಮನೆಯ ಪಡಸಾಲೆಗೆ ಬಂದಿತು. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಧ್ಯಮವರ್ಗ ಬೆಳೆದು, ಅತಿಥಿಗಳಿಗೆಂದೇ ಒಂದು ಕೋಣೆ ಇಟ್ಟುಕೊಳ್ಳುವಷ್ಟು ಅನುಕೂಲ ಬಂದಾಗ, ಚಳಿಗಾಲದ ಉದ್ದನೆಯ ಸಂಜೆಗಳನ್ನು ಕಳೆಯಲು ಅಲ್ಲಿ ಹಬ್ಬಿದ ಆಟಗಳು ಹೆಚ್ಚಾಗಿ ಮಾತಿನ ಆಟಗಳೇ ಆಗಿದ್ದವು. ಪಗಡೆಗೆ ಹಾಸು ಬೇಕು, ಅಳಗುಳಿಗೆ ಮಣೆ ಬೇಕು. ಇವುಗಳಿಗೆ ಬೇಕಾದುದು ಜನ, ನೆನಪು, ಹೆಚ್ಚೆಂದರೆ ಒಂದು ಹಾಳೆ. ಆ ದೃಷ್ಟಿಯಿಂದ ನಮ್ಮ ಅಂತ್ಯಾಕ್ಷರಿ ಇವುಗಳಿಗೆ ಹತ್ತಿರದ ನೆಂಟ.

ಈಗ ಸೋಲಿನ ವಿಷಯಕ್ಕೆ ಬರುತ್ತೇನೆ. ಆ ಕಾಲದ ಆಟದಲ್ಲಿ ತಪ್ಪಿದವರು ತಮ್ಮ ಮೈಮೇಲಿನ ಒಂದು ವಸ್ತುವನ್ನು, ಕೈಗವಸನ್ನೋ ಕರವಸ್ತ್ರವನ್ನೋ ಉಂಗುರವನ್ನೋ, ಒತ್ತೆ ಇಡಬೇಕಾಗಿತ್ತು. ‘ಫಾರ್ಫೀಟ್’ ಎಂದು ಅವರು ಕರೆದುದಕ್ಕೆ ಕನ್ನಡದ ‘ಒತ್ತೆ’ ಎಷ್ಟು ಸರಿಯಾಗಿ ಹೊಂದುತ್ತದೆಂದರೆ, ‘ಒತ್ತೆ ಬಿಡಿಸಿಕೊಳ್ಳುವುದು’ ಎಂಬ ನಮ್ಮ ಮಾತಿನಲ್ಲಿ ಆಟದ ಎರಡನೆಯ ಅರ್ಧವೂ ಅಡಗಿದೆ. ಸಾಕಷ್ಟು ಒತ್ತೆಗಳು ಸೇರಿದ ಮೇಲೆ ಒಬ್ಬರನ್ನು ತೀರ್ಪುಗಾರರನ್ನಾಗಿ ಕಣ್ಣು ಮುಚ್ಚಿ ಕೂರಿಸುತ್ತಾರೆ. ಅವರ ತಲೆಯ ಮೇಲೆ ಇನ್ನೊಬ್ಬರು ಒಂದೊಂದೇ ವಸ್ತುವನ್ನು ಹಿಡಿದು, ಇದರ ಒಡೆಯರು ಏನು ಮಾಡಬೇಕು ಎಂದು ಕೇಳುತ್ತಾರೆ. ವಸ್ತು ಯಾರದೆಂದು ಕಾಣದ ತೀರ್ಪುಗಾರರು ತಮ್ಮದೇ ವಸ್ತುವಿಗೆ ಕಠಿಣ ಶಿಕ್ಷೆ ಕೊಟ್ಟುಬಿಡುವ ಸಂಭವ ಇದ್ದೇ ಇರುತ್ತದೆ. ಕೋಣೆಯ ಒಂದು ಮೂಲೆಯಲ್ಲಿ ನಗುವುದು, ಇನ್ನೊಂದರಲ್ಲಿ ಅಳುವುದು, ಮತ್ತೊಂದರಲ್ಲಿ ಕುಣಿಯುವುದು, ಕೊನೆಯದರಲ್ಲಿ ಸಿಳ್ಳೆ ಹಾಕುವುದು ಇಂಥ ಶಿಕ್ಷೆಗಳಲ್ಲಿ ಹಳೆಯದು. ಇದಕ್ಕಿಂತ ನನಗೆ ಹೆಚ್ಚು ಇಷ್ಟವಾದವು ಬುದ್ಧಿಯಿಂದ ಪಾರಾಗಬೇಕಾದ ಶಿಕ್ಷೆಗಳು. ‘ಬೆಂಕಿಯ ಮೇಲೆ ಕುಳಿತುಕೊಳ್ಳಿ’ ಎಂದರೆ ಚೀಟಿಯ ಮೇಲೆ ‘ಬೆಂಕಿ’ ಎಂದು ಬರೆದು ಅದರ ಮೇಲೆ ಕುಳಿತರಾಯಿತು. ‘ಬೀಗದ ಕಿಂಡಿಯಲ್ಲಿ ನಿಮ್ಮನ್ನು ತೂರಿಸಿ’ ಎಂದರೆ ‘ನಿಮ್ಮನ್ನು’ ಎಂದು ಬರೆದ ಚೀಟಿಯನ್ನು ಸುರುಳಿ ಸುತ್ತಿ ಕಿಂಡಿಯೊಳಗೆ ತೂರಿಸಬೇಕು. ನಮ್ಮ ಮದುವೆಮನೆಗಳಲ್ಲಿ ಬಾಗಿಲಿಗೆ ಅಡ್ಡ ನಿಂತು, ಒಡಪು ಕಟ್ಟಿ ಗಂಡನ ಹೆಸರು ಹೇಳಿದರೆ ಮಾತ್ರ ಒಳಗೆ ಬಿಡುತ್ತೇವೆ ಎಂದು ಹಟ ಹಿಡಿಯುವ ನಾದಿನಿಯರನ್ನು ಬಲ್ಲವರಿಗೆ ಈ ನಡೆ ಹೊಸದೆನಿಸದು.

ಒತ್ತೆಯ ಈ ಏರ್ಪಾಡನ್ನು ನೀವು ಒಪ್ಪಿಕೊಂಡರೆ ಯಾವ ಆಟ ಎಂಬುದು ಎರಡನೆಯ ಪ್ರಶ್ನೆಯಾಗುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ನೀವು ಡಿಕನ್ಸನ ‘ಎ ಕ್ರಿಸ್ಮಸ್ ಕ್ಯಾರಲ್’ ಪಾಠ ಮಾಡಿರಬಹುದು. 1843ರ ಆ ಕಥೆಯಲ್ಲಿ ಜಿಪುಣ ಸ್ಕ್ರೂಜನ ಸೋದರಳಿಯನ ಮನೆಯಲ್ಲಿ ‘ಹೌದು–ಇಲ್ಲ’ ಆಟ ನಡೆಯುತ್ತದೆ. ಅಳಿಯ ಮನಸ್ಸಿನಲ್ಲಿ ಒಂದನ್ನು ನೆನೆದುಕೊಳ್ಳುತ್ತಾನೆ, ಉಳಿದವರ ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದಷ್ಟೇ ಉತ್ತರಿಸುತ್ತಾನೆ. ಅದು ಜೀವಂತ ಪ್ರಾಣಿ, ಗುರುಗುಟ್ಟುತ್ತದೆ, ಲಂಡನ್ನಿನಲ್ಲಿದೆ, ಬೀದಿಯಲ್ಲಿ ತಿರುಗಾಡುತ್ತದೆ, ಆದರೆ ಕುದುರೆಯೂ ಅಲ್ಲ, ಕತ್ತೆಯೂ ಅಲ್ಲ, ಕರಡಿಯೂ ಅಲ್ಲ. ಕೊನೆಗೆ ತಿಳಿಯುವುದು ಅದು ಸ್ಕ್ರೂಜ್ ಮಾವನೇ ಎಂದು. ಪ್ರಶ್ನೆಗಳನ್ನು ಇಪ್ಪತ್ತಕ್ಕೆ ಮಿತಿಗೊಳಿಸಿದರೆ ಇದೇ ಆಟ ಇನ್ನಷ್ಟು ಬಿಗಿಯಾಗುತ್ತದೆ. ಪ್ರತಿ ಪ್ರಶ್ನೆಯೂ ಉಳಿದ ಸಾಧ್ಯತೆಗಳನ್ನು ಸರಿಯಾಗಿ ಅರ್ಧಕ್ಕಿಳಿಸುವಂತಿದ್ದರೆ ಇಪ್ಪತ್ತು ಪ್ರಶ್ನೆಗಳಲ್ಲಿ 10,48,576 ವಸ್ತುಗಳಲ್ಲಿ ಒಂದನ್ನು ಗುರುತಿಸಬಹುದು. ನಿಮ್ಮ ಮೊಮ್ಮಗಳು ಮೊದಲ ಪ್ರಶ್ನೆಯಲ್ಲೇ ‘ಅದು ಇಡ್ಲಿಯೇ?’ ಎಂದು ಕೇಳಿದರೆ ಬೇಸರಿಸಬೇಡಿ. ಆದರೆ ಊಟಕ್ಕೂ ಏಳದ ಅಳಿಯಂದಿರನ್ನು ಮಾತ್ರ ಯಾರೂ ಮನಸ್ಸಿನಲ್ಲಿ ನೆನೆಯದಿರಲಿ.

ನೀವು ಆಡಿಸಿದ ಡಂಬ್ ಶೆರಾಡ್ಸ್ ಇದಕ್ಕಿಂತ ದೊಡ್ಡ ಮನೆತನದ ಕುಡಿ. ಹದಿನೆಂಟನೆಯ ಶತಮಾನದ ಫ್ರಾನ್ಸಿನಲ್ಲಿ ‘ಶರಾಡ್’ ಎಂದರೆ ಒಂದು ಪದವನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಇಡೀ ಪದಕ್ಕೂ ಸುಳಿವು ಕೊಡುವ ಒಗಟಾಗಿತ್ತು. ಅದನ್ನು ಬಾಯಲ್ಲಿ ಹೇಳುವ ಬದಲು ವೇಷ ಹಾಕಿ ನಟಿಸುವ ರೂಢಿ ಆಮೇಲೆ ಬಂದಿತು. 1847ರ ‘ಜೇನ್ ಐರ್’ ಕಾದಂಬರಿಯಲ್ಲಿ ರಾಚೆಸ್ಟರ್ ಮತ್ತು ಅವನ ಅತಿಥಿಗಳು ಮೊದಲು ಒಂದು ಮದುವೆಯನ್ನು, ಆಮೇಲೆ ಬಾವಿಯ ಬಳಿಯ ಒಂದು ದೃಶ್ಯವನ್ನು, ಕೊನೆಗೆ ಸಂಕೋಲೆ ತೊಟ್ಟ ಕೈದಿಯನ್ನು ತೋರಿಸುತ್ತಾರೆ. ‘ಬ್ರೈಡ್’ ಮತ್ತು ‘ವೆಲ್’ ಸೇರಿ ಲಂಡನ್ನಿನ ಹೆಸರಾಂತ ಸೆರೆಮನೆ ‘ಬ್ರೈಡ್‌ವೆಲ್’ ಆಗುವುದು ಅಲ್ಲಿನ ಚಮತ್ಕಾರ. ಗಡಿಯಾರ ಹಿಡಿದು, ಬೆರಳೆಣಿಸಿ, ಸಿನಿಮಾ ಹೆಸರು ಊಹಿಸುವ ಇಂದಿನ ರೂಪದಲ್ಲಿ ಈ ಸೊಗಸು ಉಳಿದಿಲ್ಲ. ನನ್ನ ಸಲಹೆಯೇನೆಂದರೆ ಸಿನಿಮಾಗಳನ್ನು ಬಿಟ್ಟು ನಮ್ಮ ಜೋಡುಪದಗಳನ್ನು ಹಿಡಿಯಿರಿ, ಏಕೆಂದರೆ ಈ ಹಳೆಯ ಆಟಕ್ಕೆಂದೇ ಹುಟ್ಟಿದಂಥ ಪದಗಳು ಕನ್ನಡದಲ್ಲಿ ರಾಶಿಯಾಗಿವೆ. ‘ನಾಯಿಕೊಡೆ’ಯನ್ನು ತೆಗೆದುಕೊಳ್ಳಿ. ಮೊದಲ ದೃಶ್ಯದಲ್ಲಿ ಒಬ್ಬರು ನಾಯಿಗೆ ಹೆದರಿ ಓಡಬೇಕು, ಎರಡನೆಯದರಲ್ಲಿ ಮಳೆಯಲ್ಲಿ ಕೊಡೆಗಾಗಿ ಇಬ್ಬರು ಕಿತ್ತಾಡಬೇಕು, ಮೂರನೆಯದರಲ್ಲಿ ಮಳೆ ನಿಂತ ಮರುದಿನ ತೋಟದಲ್ಲಿ ಬಗ್ಗಿ ಏನನ್ನೋ ಹೆಕ್ಕಬೇಕು. ದಾರಿ ತೋರಿಸುವ ‘ಕೈಮರ’ ಇನ್ನೂ ಸೊಗಸಾದದ್ದು, ಏಕೆಂದರೆ ಕೈಯನ್ನೂ ಮರವನ್ನೂ ಗುರುತಿಸಿದವರಿಗೆ ದಾರಿ ತಪ್ಪಿದ ಪ್ರಯಾಣಿಕನ ಮೂರನೆಯ ದೃಶ್ಯ ತಟ್ಟನೆ ಹೊಳೆಯುವುದಿಲ್ಲ. ‘ಕಿವಿಮಾತು’, ‘ಬಾಯಿಪಾಠ’ಗಳನ್ನು ಅತ್ತೆಯವರೂ ಕುಳಿತಲ್ಲಿಂದಲೇ ನಟಿಸಬಹುದು.

‘ಪಾದ್ರಿಗಳ ಬೆಕ್ಕು’ ಎಂಬ ಆಟ ಮಕ್ಕಳಿಗೆ ಸುಲಭ. ಇಂಗ್ಲಿಷಿನಲ್ಲಿ ಅದು ‘ಮಿನಿಸ್ಟರ್’ ಬೆಕ್ಕು, ಆದರೆ ಆ ಮಿನಿಸ್ಟರು ವಿಧಾನಸೌಧದವರಲ್ಲ, ಚರ್ಚಿನವರು. ಎಲ್ಲರೂ ಒಂದೇ ತಾಳಕ್ಕೆ ಚಪ್ಪಾಳೆ ತಟ್ಟುತ್ತಿರುವಾಗ ಸರದಿ ಬಂದವರು ತಾಳ ತಪ್ಪದಂತೆ ಆ ಬೆಕ್ಕಿಗೆ ಒಂದು ವಿಶೇಷಣ ಹಚ್ಚಬೇಕು. ಆ ವಿಶೇಷಣ ಮೊದಲ ಸುತ್ತಿನಲ್ಲಿ ವರ್ಣಮಾಲೆಯ ಮೊದಲ ಅಕ್ಷರದಿಂದ, ಎರಡನೆಯ ಸುತ್ತಿನಲ್ಲಿ ಎರಡನೆಯದರಿಂದ ಆರಂಭವಾಗಬೇಕು. ನಮ್ಮ ಕಚೇರಿಯ ಚಹಾದ ವೇಳೆಯಲ್ಲಿ ಇದನ್ನು ‘ಶಾನುಭೋಗರ ಬೆಕ್ಕು’ ಎಂದು ಬದಲಿಸಿಕೊಂಡು ಆಡಿ ನೋಡಿದೆವು. ಅಂಜುಬುರುಕ, ಅಹಂಕಾರಿ, ಅರೆನಿದ್ದೆಯ ಬೆಕ್ಕುಗಳಿಂದ ಆರಂಭವಾಗಿ, ಆಸೆಬುರುಕ ಬೆಕ್ಕನ್ನು ದಾಟಿ ಊ ವರೆಗೆ ಸುಖವಾಗಿ ಬಂದವರು ಋ ಎಂಬಲ್ಲಿ ಮುಗ್ಗರಿಸಿದೆವು. ಋಷಿಯಂಥ ಬೆಕ್ಕು, ಋಣಮುಕ್ತ ಬೆಕ್ಕು ಎಂಬಿವೆರಡು ಸಿಕ್ಕ ಮೇಲೆ ಮೂರನೆಯವರು ಒತ್ತೆ ಇಟ್ಟರು. ವ್ಯಂಜನಗಳಲ್ಲಿ ಙ, ಞ, ಣ, ಳ ಗಳನ್ನು ಕೈಬಿಡಬೇಕಾಗುತ್ತದೆ. ಮಹಾಪ್ರಾಣಗಳನ್ನು ಬಿಡಬೇಡಿ. ಘನಗಂಭೀರ, ಠೀವಿಯ, ಢೋಂಗಿ ಬೆಕ್ಕುಗಳನ್ನು ಕಾಣುವ ಅವಕಾಶ ಬೇರೆಲ್ಲೂ ಸಿಗದು.

ಹಾಳೆಯ ಆಟಗಳಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ‘ಕಾನ್ಸಿಕ್ವೆನ್ಸಸ್’, ಎಂದರೆ ‘ಪರಿಣಾಮ’ ಎಂಬುದನ್ನು. ಪ್ರತಿಯೊಬ್ಬರೂ ಹಾಳೆಯ ತುದಿಯಲ್ಲಿ ಒಬ್ಬ ಪುರುಷನ ಗುಣವನ್ನೂ ಹೆಸರನ್ನೂ ಬರೆದು, ಬರೆದುದು ಕಾಣದಂತೆ ಮಡಿಸಿ ಪಕ್ಕದವರಿಗೆ ಕೊಡುತ್ತಾರೆ. ಪಕ್ಕದವರು ಒಬ್ಬ ಸ್ತ್ರೀಯ ಹೆಸರನ್ನು ಬರೆಯುತ್ತಾರೆ, ಅವರಾಚೆಯವರು ಭೇಟಿಯಾದ ಸ್ಥಳವನ್ನು. ಹೀಗೆಯೇ ಅವರು ಹೇಳಿದ್ದು, ಇವರು ಹೇಳಿದ್ದು, ಪರಿಣಾಮ, ಊರಿನವರ ಮಾತು ಎಂದು ಸುತ್ತು ಮುಗಿದ ಮೇಲೆ ಹಾಳೆಗಳನ್ನು ಬಿಚ್ಚಿ ಓದಬೇಕು. 1925ರ ಸುಮಾರಿಗೆ ತರ್ಕವನ್ನು ಬಿಟ್ಟು ಕನಸಿನಂತೆ ಬರೆಯಹೊರಟ ಪ್ಯಾರಿಸ್ಸಿನ ಸರ‍್ರಿಯಲಿಸ್ಟ್ ಕವಿಗಳು ಇದರಿಂದಲೇ ಕವಿತೆ ಹುಟ್ಟಿಸಲು ಹೊರಟರು. ಅವರ ಮಡಿಕೆಗಳಲ್ಲಿ ಸಿಕ್ಕ ಮೊದಲ ವಾಕ್ಯಗಳಲ್ಲೊಂದರಲ್ಲಿ ಒಂದು ಸೊಗಸಾದ ಹೆಣ ಹೊಸ ವೈನ್ ಕುಡಿಯುತ್ತದೆ, ಆ ಹೆಣದ ಹೆಸರೇ ಅವರ ಆಟದ ಹೆಸರಾಯಿತು. ಕನ್ನಡದಲ್ಲಿ ಇದನ್ನು ಆಡುವಾಗ ಇಂಗ್ಲಿಷಿನವರಿಗಿಲ್ಲದ ಒಂದು ತೊಡಕು ಎದುರಾಗುತ್ತದೆ. ನಮ್ಮ ಕ್ರಿಯಾಪದ ಲಿಂಗ ವಚನಗಳನ್ನು ಬಿಟ್ಟು ನಿಲ್ಲುವುದಿಲ್ಲ, ಹೆಸರು ವಿಭಕ್ತಿಯನ್ನು ಬಿಟ್ಟು ನಿಲ್ಲುವುದಿಲ್ಲ. ಮೇಲಿನ ಮಡಿಕೆಯಲ್ಲಿ ಏನಿದೆ ಎಂದು ತಿಳಿಯದವರು ‘ಬಂದನು’ ಎಂದು ಬರೆಯಬೇಕೋ ‘ಬಂದಿತು’ ಎಂದೋ? ಇದಕ್ಕೆ ನಾನು ಕಂಡುಕೊಂಡ ಪರಿಹಾರ ನಮ್ಮ ಮರ್ಯಾದೆಯ ಬಹುವಚನ. ಯಾರೇ ಇರಲಿ, ಏನೇ ಇರಲಿ, ಎಲ್ಲರೂ ‘ಬಂದರು’, ಎಲ್ಲರೂ ‘ಎಂದರು’. ಹೆಸರುಗಳನ್ನು ಬರಿದಾಗಿ ಬರೆದರೆ ಓದುವವರು ವಿಭಕ್ತಿ ಹಚ್ಚಿಕೊಂಡು ಓದುತ್ತಾರೆ. ನಮ್ಮಲ್ಲಿ ಮೂಡಿದ ಒಂದು ಹಾಳೆ ಹೀಗಿತ್ತು: ‘ಹೊಟ್ಟೆಕಿಚ್ಚಿನ ದುರ್ಯೋಧನರು ಸಂಕೋಚ ಸ್ವಭಾವದ ಶೂರ್ಪನಖಿಯವರನ್ನು ಹಿಟ್ಟಿನ ಗಿರಣಿಯಲ್ಲಿ ಭೇಟಿಯಾದರು. ಅವರು ಚಿಲ್ಲರೆ ಇಲ್ಲ ಎಂದರು. ಇವರು ಮಳೆ ಬರುವಂತಿದೆ ಎಂದರು. ಪರಿಣಾಮವಾಗಿ ಎರಡು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಊರಿನವರು ನಮಗೆ ಮೊದಲೇ ಗೊತ್ತಿತ್ತು ಎಂದರು.’ ಮರ್ಯಾದೆಯ ಬಹುವಚನದಿಂದಲೇ ಅರ್ಧ ನಗೆ ಹುಟ್ಟುತ್ತದೆ ಎಂಬುದನ್ನು ಗಮನಿಸಿ.

ಒಬ್ಬೊಬ್ಬರೇ ಕುಳಿತು ತಲೆ ಕೆರೆದುಕೊಳ್ಳಲು ಇಷ್ಟಪಡುವವರಿಗೆ ‘ಆಲಿಸ್’ ಕಥೆಗಳ ಲೇಖಕ ಲೂಯಿ ಕ್ಯಾರಲ್ಲನ ಪದದ ಏಣಿ ಇದೆ. 1877ರ ಕ್ರಿಸ್ಮಸ್ಸಿನಲ್ಲಿ, ಮಾಡಲು ಕೆಲಸವಿಲ್ಲವೆಂದು ಕುಳಿತಿದ್ದ ಇಬ್ಬರು ಹುಡುಗಿಯರಿಗಾಗಿ ಅವನು ಇದನ್ನು ಹೊಸೆದ, 1879ರಲ್ಲಿ ಒಂದು ಲಂಡನ್ ವಾರಪತ್ರಿಕೆಯಲ್ಲಿ ಪ್ರಕಟಿಸಿದ. ಒಂದು ಪದದಲ್ಲಿ ಪ್ರತಿ ಸಲ ಒಂದೇ ಅಕ್ಷರ ಬದಲಿಸುತ್ತ, ನಡುವಿನ ಮೆಟ್ಟಿಲುಗಳೆಲ್ಲ ಅರ್ಥವುಳ್ಳ ಪದಗಳೇ ಆಗಿರುವಂತೆ ನೋಡಿಕೊಂಡು, ಇನ್ನೊಂದು ಪದವನ್ನು ಮುಟ್ಟಬೇಕು. ಕನ್ನಡದಲ್ಲಿ ಗುಣಿತವನ್ನೂ ಒತ್ತನ್ನೂ ಸೇರಿಸಿ ಇಡೀ ಅಕ್ಷರವನ್ನು ಒಂದೆಂದು ಎಣಿಸುವುದು ವಿಹಿತ. ಹಾಗೆ ಎಣಿಸಿದರೆ ‘ಒಡಲು’ ಎಂಬಲ್ಲಿಂದ ಹೊರಟು ಕಡಲು, ಕಡಲೆಗಳನ್ನು ದಾಟಿ ‘ಕಡವೆ’ಯನ್ನು ತಲುಪಬಹುದು, ‘ಉಸಿರು’ ಹಸಿರಿನ ಮೂಲಕ ‘ಹಸಿವು’ ಆಗುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಎಷ್ಟೇ ಶ್ರಮದ ಮಾತಾಡಿದ್ದರೂ, ಈ ಏಣಿಯಲ್ಲಿ ಕೆಸರಿನಿಂದ ಮೊಸರಿಗೆ ಇರುವುದು ಒಂದೇ ಮೆಟ್ಟಿಲು.

ಕೆಲವನ್ನು ಅಲ್ಲಿಗೇ ಬಿಟ್ಟುಬಿಡುವುದು ಕ್ಷೇಮ. ದೀಪ ಆರಿಸಿ, ತಟ್ಟೆಯಲ್ಲಿ ಉರಿಯುವ ಬ್ರಾಂದಿಯೊಳಗಿನಿಂದ ಒಣದ್ರಾಕ್ಷಿಯನ್ನು ಬರಿಗೈಯಲ್ಲಿ ಎತ್ತಿ ಬಾಯಿಗೆ ಹಾಕಿಕೊಳ್ಳುವ ‘ಸ್ನ್ಯಾಪ್‌ಡ್ರ್ಯಾಗನ್’ ಆಟವನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ ಮೇಣದಬತ್ತಿಯ ಕುರಿತ ತನ್ನ ಉಪನ್ಯಾಸದಲ್ಲಿ ನೆನೆದಿದ್ದಾನೆ, ದ್ರಾಕ್ಷಿಗಳು ಅಲ್ಲಿ ಬತ್ತಿಗಳಂತೆ ಕೆಲಸ ಮಾಡುತ್ತವೆ ಎಂದು. ವಿಜ್ಞಾನಕ್ಕೆ ಅದು ಒಪ್ಪುವ ಮಾತು, ದೀಪಾವಳಿಯ ರೇಷ್ಮೆ ಸೀರೆಗಳಿಗೆ ಅಲ್ಲ. ಕಣ್ಣು ಕಟ್ಟಿಕೊಂಡು ಒಬ್ಬರನ್ನೊಬ್ಬರು ಹಿಡಿಯುವ ಆಟಕ್ಕೆ ಅತ್ತೆಯವರಿರುವ ಕೋಣೆ ತಕ್ಕ ಸ್ಥಳವಲ್ಲ. ಅವರನ್ನು ಕೂರಿಸಿಕೊಂಡು ಆಡಲು ಇನ್ನೊಂದಿದೆ. ತಟ್ಟೆಯಲ್ಲಿ ಇಪ್ಪತ್ತು ವಸ್ತುಗಳನ್ನಿಟ್ಟು, ಒಂದು ನಿಮಿಷ ತೋರಿಸಿ, ಬಟ್ಟೆ ಮುಚ್ಚಿ, ನೆನಪಿನಿಂದ ಹೇಳಿಸುವುದು. 1901ರ ‘ಕಿಮ್’ ಕಾದಂಬರಿಯಲ್ಲಿ ಶಿಮ್ಲಾದ ರತ್ನದಂಗಡಿಯಲ್ಲಿ ಹುಡುಗ ಕಿಮ್ ಇದನ್ನು ಆಡಿ ಸೋಲುವುದರಿಂದ ಇದಕ್ಕೆ ಅವನದೇ ಹೆಸರು ಅಂಟಿಕೊಂಡಿದೆ. ರತ್ನಗಳ ಬದಲು ಸಾಂಬಾರ ಡಬ್ಬಿಯ ಸಾಮಾನುಗಳನ್ನು ಇಟ್ಟು ನೋಡಿ, ಮರಾಠಿ ಮೊಗ್ಗು ಯಾವುದು, ಲವಂಗ ಯಾವುದು ಎಂದು ಗೊತ್ತಿಲ್ಲದ ಮೊಮ್ಮಕ್ಕಳೆಲ್ಲ ಒತ್ತೆ ಇಟ್ಟಿರುತ್ತಾರೆ.

ಇನ್ನು ನಿಮ್ಮ ತಮ್ಮನವರ ವಿಷಯ. ಡಿಕನ್ಸನ ಕಥೆಯನ್ನು ಮತ್ತೊಮ್ಮೆ ತೆಗೆದು ನೋಡಿ. ಅಳಿಯನ ಮನೆಯ ಆ ಕೂಟದಲ್ಲಿ ಸ್ಕ್ರೂಜ್ ಯಾರ ಕಣ್ಣಿಗೂ ಕಾಣದಂತೆ ಭೂತವೊಂದರ ಜೊತೆಗೆ ನಿಂತಿರುತ್ತಾನೆ. ತನ್ನ ದನಿ ಯಾರಿಗೂ ಕೇಳಿಸದೆಂಬುದನ್ನೂ ಮರೆತು ಉತ್ತರಗಳನ್ನು ಗಟ್ಟಿಯಾಗಿ ಊಹಿಸುತ್ತಾನೆ, ಇನ್ನು ಹೊರಡೋಣ ಎಂದಾಗ ಇನ್ನೊಂದು ಆಟ ನೋಡಿಯೇ ಹೋಗೋಣ ಎಂದು ಬೇಡುತ್ತಾನೆ. ಮೂಲೆಯಲ್ಲಿ ಕುಳಿತವರನ್ನು ಕರೆದು ಒತ್ತಾಯಿಸಬೇಡಿ. ಋ ಅಕ್ಷರಕ್ಕೋ ಕೈಮರಕ್ಕೋ ಆಟ ತೊಡರಿ ಎಲ್ಲರೂ ಸುಮ್ಮನಾದಾಗ ಮೂಲೆಯಿಂದ ಉತ್ತರ ತಾನಾಗಿ ಬರುತ್ತದೆ. ಸರದಿ ಇಲ್ಲದೆ ಬಾಯಿ ಹಾಕಿದವರು ಒತ್ತೆ ಇಡಬೇಕೆಂಬ ನಿಯಮವನ್ನು ಮೊದಲೇ ಸಾರಿರಿ. ಕೈಗವಸು, ಕರವಸ್ತ್ರಗಳ ಕಾಲ ಇದಲ್ಲವಾದ್ದರಿಂದ ಅವರಿಂದ ಮೊಬೈಲನ್ನೇ ಪಡೆದು ತಟ್ಟೆಯಲ್ಲಿಡಿ, ಆಮೇಲೆ ಅವರನ್ನೇ ಕಣ್ಣು ಮುಚ್ಚಿಸಿ ತೀರ್ಪುಗಾರರ ಜಾಗದಲ್ಲಿ ಕೂರಿಸಿ, ಈ ವಸ್ತುವಿನ ಒಡೆಯರು ಏನು ಮಾಡಬೇಕು ಎಂದು ಕೇಳಿ.