ಹಕ್ಕಿಜ್ವರ ಬರುತ್ತೆ ಅಂತ ಮನೆಯ ಜವಾರಿ ಕೋಳಿ ಮಾರಿಬಿಡಬೇಕಾ?

ಬೀಳಗಿ ಕಡೆ ಹಿನ್ನೀರಿನ ದಂಡೆಯ ಊರು, ಮನೇಲಿ ನಾಲ್ಕು ಜವಾರಿ ಕೋಳಿ, ಒಂದು ಎಮ್ಮೆ, ಹಿಂದಿನ ಓಣಿಯಲ್ಲಿ ಹಂದಿ. ಮಕ್ಕಳಿಗೆ ಜ್ವರ ಅಂಟೀತು ಅಂತ ಕೋಳಿ ಮಾರಬೇಕಾ ಎಂದು ಕೇಳಿದ್ದೀರಿ. ಮಾರಬ್ಯಾಡ್ರಿ. ನಾನು ಡಾಕ್ಟರ್ ಅಲ್ಲ, ಬಾಗಲಕೋಟೆಯಲ್ಲಿ ದನದ ಔಷಧಿ ಅಂಗಡಿ ನಡೆಸುವವನು. ಆದರೆ ಕೋಳಿ ಸತ್ತಾಗ ಜನ ಮೊದಲು ಬರೋದು ನಮ್ಮಂಥವರ ಹತ್ತಿರವೇ.

ತಿನ್ನೋದರ ಚಿಂತೆ ಬಿಡಿ. ಮಾಂಸದ ಒಳಗಿನ ತನಕ 70 ಡಿಗ್ರಿ ಕಾವು ತಾಗಿದರೆ ಈ ವೈರಸ್ ಸಾಯುತ್ತದೆ, ನಮ್ಮ ಸಾರು ಅದಕ್ಕಿಂತ ಹೆಚ್ಚೇ ಕುದಿಯುತ್ತದೆ. ಅಪಾಯ ಇರೋದು ಒಲೆಗೆ ಇಡುವ ಮುಂಚೆ. ಕೋಳಿ ತೂಕಡಿಸತೊಡಗಿದರೆ ಸಾಕು, "ಸತ್ತರ ಯಾರಿಗೂ ಇಲ್ಲ, ಇವತ್ತ ಕೊಯ್ದಬಿಡೂಣು" ಅಂತೀವಿ. ಬಿಸಿನೀರಲ್ಲಿ ಅದ್ದಿ ಪುಕ್ಕ ಕೀಳುವಾಗ, ಕರುಳು ಬಗೆಯುವಾಗ ಕೈತುಂಬ ಅದರ ಲೋಳೆ, ಹಿಕ್ಕೆ. ಅದೇ ಕೈಯಲ್ಲಿ ಮೂಗು ಉಜ್ಜಿಕೊಳ್ಳುತ್ತೀವಿ. ಹಾಂಗ್‌ಕಾಂಗ್‌ನಲ್ಲಿ 1997ರಲ್ಲಿ ಎಚ್5ಎನ್1 ಅನ್ನುವ ಹಕ್ಕಿಜ್ವರದ ವೈರಸ್ ಮೊದಲ ಸಲ ಮನುಷ್ಯರಿಗೆ ತಗುಲಿ 18 ಜನರಲ್ಲಿ 6 ಮಂದಿ ಸತ್ತಾಗಲೂ ಬೊಟ್ಟು ಹೋಗಿದ್ದು ಜೀವಂತ ಕೋಳಿ ಮಾರುವ ಮಾರುಕಟ್ಟೆಗಳ ಕಡೆಗೇ.

ಹಾಗಂತ ಸುಲಭಕ್ಕೆ ಅಂಟುವುದೂ ಇಲ್ಲ. ಹಕ್ಕಿಯ ವೈರಸ್ ಹಿಡಿದುಕೊಳ್ಳುವಂಥ ಜೀವಕೋಶ ನಮ್ಮ ಮೂಗು ಗಂಟಲಲ್ಲಿ ಕಡಿಮೆ, ಶ್ವಾಸಕೋಶದ ಆಳದಲ್ಲಿ ಹೆಚ್ಚು. ಅದಕ್ಕೇ ತಗುಲುವುದು ಅಪರೂಪ, ತಗುಲಿದರೆ ಜೋರು. ಹಂದಿಗೆ ಮಾತ್ರ ಹಕ್ಕಿಯದೂ ಅಂಟುತ್ತದೆ, ನಮ್ಮದೂ ಅಂಟುತ್ತದೆ. ಈ ವೈರಸ್‌ನ ವಂಶವಾಹಿ 8 ತುಂಡಾಗಿರುತ್ತದೆ. ಎರಡು ಬಗೆಯವು ಒಂದೇ ಹಂದಿಯೊಳಗೆ ಸೇರಿದರೆ ತುಂಡುಗಳು ಅದಲುಬದಲಾಗಿ ಹೊಸದೊಂದು ಹುಟ್ಟಬಹುದು. 2009ರಲ್ಲಿ ಹಂದಿಜ್ವರ ಅಂತ ಕರೆದ ಎಚ್1ಎನ್1 ಅಂಥ ಬೆರಕೆಯೇ. ಆದರೆ ಆಮೇಲೆ ಎಷ್ಟೋ ದೇಶಗಳಲ್ಲಿ ಅದನ್ನು ಹಂದಿಗಳಿಗೆ ಅಂಟಿಸಿದ್ದು ಮನುಷ್ಯರು. ಹಂದಿ ಸಾಕುವವರನ್ನು ಬೈಯುವವರು ಇದನ್ನು ಯಾಕೋ ಹೇಳೋದೇ ಇಲ್ಲ. ಮೈ ಬಿಸಿಯಾಗಿ ಕೆಮ್ಮುತ್ತಿದ್ದರೆ ನೀವೇ ಗೂಡು, ಕೊಟ್ಟಿಗೆಯ ಕಡೆ ಹೋಗಬೇಡಿ.

ಎಮ್ಮೆ ಹಾಲು ಕಾಯಿಸಿ ಕುಡಿದರೆ ಮುಗೀತು. ಅಮೆರಿಕದಲ್ಲಿ 2024ರಲ್ಲಿ ಹೈನದ ಆಕಳುಗಳಿಗೇ ಎಚ್5ಎನ್1 ಬಂದು ಹಸಿ ಹಾಲಲ್ಲಿ ವೈರಸ್ ಸಿಕ್ಕಿತ್ತು. ಹಸಿ ಹಾಲೇ ಬೇಕೆನ್ನುವ ಗರಡಿಮನೆಯ ಹುಡುಗರು ಇದನ್ನು ಒಪ್ಪಲಿಕ್ಕಿಲ್ಲ!

ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವಲ್ಲ, 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಈ ರೋಗದಿಂದ ಹೆಚ್ಚು ಸತ್ತಿದ್ದು ಅದೇ ಜಾತಿ. ಹೆದರಿ ಕಲ್ಲು ಹೊಡೆಯಬೇಡಿ. ಆ ತಿಂಗಳುಗಳಲ್ಲಿ ಕೋಳಿ ನೀರಿನ ದಂಡೆಗೆ ಮೇಯಲು ಹೋಗದಂತೆ ನೋಡಿ, ಕಾಳು ನೀರು ಮನೆಯ ಹತ್ತಿರವೇ ಇಡಿ.

ಇನ್ನು, ಸತ್ತ ಕೋಳಿಗಳಿಗೆಲ್ಲ ಹಕ್ಕಿಜ್ವರವೇ ಅಂತಲ್ಲ. ನಮ್ಮಲ್ಲಿ ಕೋಳಿಗಳಿಗೆ ಬರುವ ಕೊಕ್ಕರೆ ರೋಗವೇ (ರಾಣಿಖೇತ್) ಸಾಮಾನ್ಯ, ಲಸೋಟಾ ಲಸಿಕೆ ಅದಕ್ಕೆ ಮಾತ್ರ. ನೋಡಲಿಕ್ಕೆ ಎರಡೂ ಒಂದೇ ಥರ. ಖಾತ್ರಿಯಾಗಬೇಕಾದರೆ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಬೇಕು. ಮೂರ್ನಾಲ್ಕು ಒಟ್ಟಿಗೇ ಸತ್ತರೆ ಬರಿಗೈಲಿ ಮುಟ್ಟದೆ, ಹಳ್ಳಕ್ಕೆ ಎಸೆಯದೆ ಪಶು ಆಸ್ಪತ್ರೆಗೆ ತಿಳಿಸಿ. ಆಮೇಲೆ ಮನೇಲಿ ಯಾರಿಗಾದರೂ ಜ್ವರ ಬಂದರೆ ಕೋಳಿ ಸತ್ತ ಸಂಗತಿಯನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ, ಅವರು ಕೇಳಲಿಕ್ಕಿಲ್ಲ.