ಓದುಗರ ಪ್ರಶ್ನೆ, ತಜ್ಞರ ಉತ್ತರ: ನವೆಂಬರ್ ಖರೀದಿ ಎಲ್ಲಿ ಹೋಯಿತು?

ಎಕ್ಸೆಲ್ ಮತ್ತು ಪವರ್ ಬಿಐ (ವರದಿ ತಯಾರಿಸುವ ಸಾಫ್ಟ್‌ವೇರ್) ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು "ಯಾವ ಫಾರ್ಮುಲಾ ಹಾಕಬೇಕು?" ಎಂದೇ ಮುಗಿಯುತ್ತವೆ. ಕಾಲಂನಲ್ಲಿರುವುದು ಸಂಖ್ಯೆಯೋ, ಪಠ್ಯವೋ, ದಿನಾಂಕವೋ ಎಂಬುದನ್ನು ನೋಡಿ ಬರೆದವರು ವಿರಳ. ಅದು ತಿಳಿಯದೆ ಫಾರ್ಮುಲಾ ಹೇಳುವುದು ನನ್ನಿಂದಾಗದು. ಹೀಗಾಗಿ ಈ ಸಲ ಒಂದು ಪ್ರಶ್ನೆಯನ್ನು ಪೂರ್ತಿಯಾಗಿ ಬಿಡಿಸುತ್ತೇನೆ, ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವೇಬ್ರಿಡ್ಜ್ (ಲಾರಿ ತೂಗುವ ಯಂತ್ರ) ಸಾಫ್ಟ್‌ವೇರ್‌ನಿಂದ ಇಳಿಸಿಕೊಂಡ ಸಿಎಸ್‌ವಿ (ಸರಳ ಪಠ್ಯದ ಪಟ್ಟಿ) ಫೈಲನ್ನು ಎಕ್ಸೆಲ್‌ನಲ್ಲಿ ತೆರೆದು, 2024ರ ನವೆಂಬರ್ ತಿಂಗಳ ಭತ್ತದ ಖರೀದಿಯನ್ನು ಷರತ್ತಿಗೆ ಹೊಂದುವ ಸಾಲುಗಳನ್ನಷ್ಟೇ ಕೂಡಿಸುವ ಸಮ್‌ಇಫ್ಸ್‌ನಿಂದ ಕೂಡಿಸಿದರೆ ಒಂದೇ ದಿನದ ಖರೀದಿಯಷ್ಟು ಬರುತ್ತದೆ. ದಿನಾಂಕದ ಫಾರ್ಮ್ಯಾಟ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಬೇರೆ ಫಾರ್ಮುಲಾ ಇದೆಯೇ?

ಉತ್ತರ: ನಿಮ್ಮ ಫೈಲನ್ನು ನೋಡದೆಯೇ ಹೇಳುತ್ತೇನೆ, ಆ ಒಂದು ದಿನ ನವೆಂಬರ್ 11. ವೇಬ್ರಿಡ್ಜ್ ಸಾಫ್ಟ್‌ವೇರ್ ಮೊದಲು ದಿನ, ನಂತರ ತಿಂಗಳು ಎಂದು ಬರೆದುಕೊಟ್ಟಿದೆ; ನಿಮ್ಮ ಕಂಪ್ಯೂಟರ್ ಅಮೆರಿಕದ ಪದ್ಧತಿಯಲ್ಲಿ ಮೊದಲು ತಿಂಗಳು ಎಂದು ಓದಿಕೊಂಡಿದೆ. 01/11/2024 ಎಂಬುದು ಜನವರಿ 11 ಆಯಿತು, 02/11/2024 ಫೆಬ್ರವರಿ 11 ಆಯಿತು, 12/11/2024 ಡಿಸೆಂಬರ್ 11 ಆಯಿತು. ಹೇಗೆ ಓದಿದರೂ ಬದಲಾಗದೆ ಉಳಿದದ್ದು 11/11 ಮಾತ್ರ. ಇನ್ನು 13ರಿಂದ ಮುಂದೆ, ಹದಿಮೂರನೆಯ ತಿಂಗಳು ಎಂಬುದು ಇಲ್ಲವಾದ್ದರಿಂದ, ಎಕ್ಸೆಲ್ ಅವನ್ನು ದಿನಾಂಕವೆಂದೇ ಒಪ್ಪದೆ ಪಠ್ಯವಾಗಿ ಇಟ್ಟುಕೊಂಡಿದೆ. ನಿಮ್ಮ ಸಮ್‌ಇಫ್ಸ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ.

ಫಾರ್ಮ್ಯಾಟ್ ಬದಲಿಸಿದ್ದರಿಂದ ಏಕೆ ಏನೂ ಆಗಲಿಲ್ಲ ಎಂಬುದನ್ನು ಗಮನಿಸಿ. ಎಕ್ಸೆಲ್‌ಗೆ ದಿನಾಂಕವೆಂದರೆ ಒಂದು ಸಂಖ್ಯೆ. 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಕ್ಸೆಲ್ ಎಣಿಸುವ ರೀತಿಯಲ್ಲಿ 2024ರ ನವೆಂಬರ್ 1 ಎಂಬುದು 45597. ನಿಮ್ಮ ಕಾಲಂನ ಮೊದಲ ಸಾಲಿನಲ್ಲಿ ಕುಳಿತಿರುವುದು 45302, ಅಂದರೆ ಜನವರಿ 11. ಫಾರ್ಮ್ಯಾಟ್ ಆ ಸಂಖ್ಯೆ ಕಣ್ಣಿಗೆ ಹೇಗೆ ಕಾಣಬೇಕೆಂಬುದನ್ನಷ್ಟೇ ಬದಲಿಸುತ್ತದೆ. ಚೀಲದ ಮೇಲೆ ಸೋನಾ ಮಸೂರಿ ಎಂದು ಚೀಟಿ ಅಂಟಿಸಿದರೆ ಒಳಗಿನ ಅಕ್ಕಿ ಸೋನಾ ಮಸೂರಿ ಆಗುವುದಿಲ್ಲ. "ಒಂದರಿಂದ ಗುಣಿಸಿ, ಎಲ್ಲ ಸರಿಹೋಗುತ್ತದೆ" ಎಂಬ ವಿಡಿಯೊ ಮಂತ್ರವೂ ಇಲ್ಲಿ ನಡೆಯದು. ಪಠ್ಯವಾಗಿರುವ ಸಾಲುಗಳಲ್ಲಿ ಅದು ವ್ಯಾಲ್ಯೂ ಎರರ್ ಕೊಡುತ್ತದೆ, ತಿರುವುಮುರುವಾದ ಸಾಲುಗಳನ್ನು ಹಾಗೆಯೇ ಬಿಡುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಅಲ್ಲಿ ಯಾವ ಎರರ್ ಕೂಡ ಕಾಣುವುದಿಲ್ಲ.

ಆ ಫೈಲನ್ನು ಬದಿಗಿಡಿ, ವೇಬ್ರಿಡ್ಜ್‌ನಿಂದ ಹೊಸದಾಗಿ ಇಳಿಸಿಕೊಳ್ಳಿ, ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಖಾಲಿ ವರ್ಕ್‌ಬುಕ್‌ನ ಡೇಟಾ ಮೆನುವಿನಿಂದ ಅದನ್ನು ಪವರ್ ಕ್ವೆರಿಗೆ (ಡೇಟಾವನ್ನು ತಂದು ಸರಿಪಡಿಸುವ ಎಕ್ಸೆಲ್‌ನ ಸಾಧನ) ತನ್ನಿ. ಅಲ್ಲಿ ಚೇಂಜ್ಡ್ ಟೈಪ್ ಎಂಬ ಹಂತ ತಾನಾಗಿ ಸೇರಿಕೊಂಡಿರುತ್ತದೆ. ಮೊದಲು ಅದನ್ನು ಅಳಿಸಿ. ನಂತರ ದಿನಾಂಕದ ಕಾಲಂನ ಮೇಲೆ ರೈಟ್ ಕ್ಲಿಕ್ ಮಾಡಿ, ಚೇಂಜ್ ಟೈಪ್‌ನ ಕೊನೆಯಲ್ಲಿರುವ ಯೂಸಿಂಗ್ ಲೊಕೇಲ್ (ಯಾವ ದೇಶದ ಪದ್ಧತಿಯಂತೆ ಓದಬೇಕು ಎಂಬ) ಆಯ್ಕೆಯಲ್ಲಿ ಟೈಪ್ ಡೇಟ್, ಲೊಕೇಲ್ ಇಂಗ್ಲಿಷ್ ಇಂಡಿಯಾ ಎಂದು ಕೊಡಿ. ತೂಕದ ಕಾಲಂಗೂ ಸಂಖ್ಯೆಯ ಟೈಪ್ ಕೊಡಿ. ಪವರ್ ಬಿಐ ಬಳಸುವವರಿಗೂ ದಾರಿ ಇದೇ. ವಿಂಡೋಸ್‌ನ ರೀಜನ್ ಸೆಟ್ಟಿಂಗನ್ನು ಭಾರತಕ್ಕೆ ಬದಲಿಸಿದರೂ ನಿಮ್ಮ ಯಂತ್ರದಲ್ಲಿ ಕೆಲಸ ಆಗುತ್ತದೆ. ಆದರೆ ಅದೇ ಸಿಎಸ್‌ವಿಯನ್ನು ಲೆಕ್ಕ ಪರಿಶೋಧಕರು ತಮ್ಮ ಯಂತ್ರದಲ್ಲಿ ತೆರೆದಾಗ ಇದೇ ಕಥೆ ಮರುಕಳಿಸಬಹುದು. ಹಾಗಾಗಿ ನಾನು ಅದನ್ನು ಪರಿಹಾರವೆಂದು ಹೇಳುವುದಿಲ್ಲ.

ಇಷ್ಟಾದ ಮೇಲೆ ಫಾರ್ಮುಲಾ. "ನವೆಂಬರ್ 30 ಅಥವಾ ಅದಕ್ಕಿಂತ ಕಡಿಮೆ" ಎಂದು ಷರತ್ತು ಬರೆಯಬೇಡಿ, "ಡಿಸೆಂಬರ್ 1ಕ್ಕಿಂತ ಕಡಿಮೆ" ಎಂದು ಬರೆಯಿರಿ. ವೇಬ್ರಿಡ್ಜ್ ದಿನಾಂಕದ ಜೊತೆ ಸಮಯವನ್ನೂ ದಾಖಲಿಸುತ್ತಿದ್ದರೆ (ಹಾಗಿದ್ದಲ್ಲಿ ಟೈಪನ್ನೂ ಡೇಟ್ ಟೈಮ್ ಎಂದೇ ಕೊಡಬೇಕು) 30ರ ಸಂಜೆ 6 ಗಂಟೆಗೆ ತೂಗಿದ ಲಾರಿ 45626.75 ಆಗುತ್ತದೆ, ಬರೀ ನವೆಂಬರ್ 30 ಎಂದರೆ 45626. "30 ಅಥವಾ ಅದಕ್ಕಿಂತ ಕಡಿಮೆ" ಎಂದು ಬರೆದರೆ ಕೊನೆಯ ದಿನದ ಲಾರಿಗಳೆಲ್ಲ ಲೆಕ್ಕದಿಂದ ಹೊರಗುಳಿಯುತ್ತವೆ.

ತೂಕದ ಕಾಲಂನ ಬಗ್ಗೆ ನೀವು ಕೇಳಿಲ್ಲ, ಆದರೂ ಪರೀಕ್ಷಿಸಿ. ಯಾರಾದರೂ "92.40 ಕ್ವಿಂ" ಎಂದು ಕೈಯಿಂದ ತುಂಬಿದ್ದರೆ, ಅಥವಾ ಅಂಕಿಯ ಹಿಂದೆ ಕಣ್ಣಿಗೆ ಕಾಣದ ಖಾಲಿ ಅಕ್ಷರವಿದ್ದರೆ, ಆ ಕೋಶ ಪಠ್ಯವಾಗುತ್ತದೆ. ಸಮ್ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಪಠ್ಯವಾಗಿ ಕುಳಿತ ಬರೀ 92.40 ಎಂಬುದನ್ನು ಪ್ಲಸ್ ಚಿಹ್ನೆಯಿಂದ ಕೂಡಿಸಿದರೆ ಮಾತ್ರ ಎಕ್ಸೆಲ್ ಸಂಖ್ಯೆಯಾಗಿಸಿ ಕೂಡಿಸುತ್ತದೆ. ಪ್ಲಸ್‌ಗೂ ಸಮ್‌ಗೂ ಉತ್ತರ ಬೇರೆ ಬೇರೆ ಬಂದರೆ ಕಾಲಂನಲ್ಲಿ ಪಠ್ಯವಿದೆ ಎಂದೇ ಅರ್ಥ. ಸಂಖ್ಯೆ ತಾನಾಗಿ ಬಲಕ್ಕೆ, ಪಠ್ಯ ಎಡಕ್ಕೆ ನಿಲ್ಲುತ್ತದೆ. ನೋಡಲು ಚೆಂದವೆಂದು ಎಲ್ಲವನ್ನೂ ಮಧ್ಯಕ್ಕೆ ಜೋಡಿಸುವ ಚಟ ನಮ್ಮ ಕಚೇರಿಗಳಲ್ಲಿ ವಿಪರೀತವಾಗಿದ್ದು, ಸುಲಭವಾಗಿ ಸಿಗುವ ಈ ಒಂದು ಸುಳಿವನ್ನೂ ಅದು ಅಳಿಸಿಹಾಕುತ್ತದೆ. ಪವರ್ ಕ್ವೆರಿಯಲ್ಲಿ ಇಂಥ ಸಾಲುಗಳು ಎರರ್ ಎಂದು ಕಂಡಾಗ ರಿಮೂವ್ ಎರರ್ಸ್ ಗುಂಡಿಯನ್ನು ಒತ್ತಬೇಡಿ. ಎರರ್ ಜೊತೆಗೆ ಆ ಲಾರಿಯೂ ಹೋಗುತ್ತದೆ.

ಈ ತಾನಾಗಿ ಬದಲಿಸುವ ಚಾಳಿ ಎಷ್ಟು ಹಠಮಾರಿಯೆಂದರೆ, ಎಕ್ಸೆಲ್ ಕೆಲವು ಜೀನ್‌ಗಳ (ವಂಶವಾಹಿಗಳ) ಹೆಸರನ್ನು ಮಾರ್ಚ್, ಸೆಪ್ಟೆಂಬರ್ ತಿಂಗಳ ದಿನಾಂಕವಾಗಿಸುತ್ತಿದ್ದುದರಿಂದ ಬೇಸತ್ತು, ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಆ ಹೆಸರುಗಳನ್ನೇ ಬದಲಿಸಿತು.

ಪ್ರಶ್ನೆ: ಸಿಂಧನೂರಿನ ಗಿರಣಿ ನಮ್ಮದು. ಪವರ್ ಬಿಐನಲ್ಲಿ ಪ್ರತಿ ಲಾಟ್‌ನ ಅಕ್ಕಿ ಇಳುವರಿ ಶೇಕಡಾವಾರು ಕಾಲಂನಲ್ಲಿದೆ. ಅದರ ಸರಾಸರಿ ಮಾಲೀಕರ ಲೆಕ್ಕಕ್ಕೆ ಹೊಂದುತ್ತಿಲ್ಲ.

ಉತ್ತರ: ಮಾಲೀಕರು ಸರಿಯಾಗಿದ್ದಾರೆ. 100 ಕ್ವಿಂಟಲ್ ಭತ್ತಕ್ಕೆ 60 ಕ್ವಿಂಟಲ್ ಅಕ್ಕಿ, 20 ಕ್ವಿಂಟಲ್‌ಗೆ 14 ಬಂದಿದ್ದರೆ, ಶೇ 60 ಮತ್ತು ಶೇ 70ರ ಸರಾಸರಿ ಶೇ 65. ನಿಜವಾದ ಇಳುವರಿ 120ಕ್ಕೆ 74, ಅಂದರೆ ಸುಮಾರು ಶೇ 61.7. ಶೇಕಡಾವಾರನ್ನು ಕಾಲಂನಲ್ಲಿ ಕಟ್ಟಿಡಬೇಡಿ. ಅಕ್ಕಿಯ ಮೊತ್ತವನ್ನು ಭತ್ತದ ಮೊತ್ತದಿಂದ ಭಾಗಿಸುವ ಮೆಷರ್ (ವರದಿಯಲ್ಲಿ ಆಗಿಂದಾಗ ಲೆಕ್ಕ ಹಾಕುವ ಫಾರ್ಮುಲಾ) ಬರೆಯಿರಿ, ಭಾಗಾಕಾರಕ್ಕೆ ಡಿವೈಡ್ ಫಂಕ್ಷನ್ ಬಳಸಿ.

ಪ್ರಶ್ನೆ: ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕವಿದೆ. ಪವರ್ ಬಿಐ ವರದಿಯಲ್ಲಿ ಏಪ್ರಿಲ್ ಆದ ಮೇಲೆ ಆಗಸ್ಟ್ ಬರುತ್ತದೆ.

ಉತ್ತರ: ತಿಂಗಳ ಹೆಸರು ಪಠ್ಯ, ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲೇ ನಿಲ್ಲುತ್ತದೆ, ತಿಂಗಳ ಸಂಖ್ಯೆಯ ಕಾಲಂ ಸೇರಿಸಿ, ಸಾರ್ಟ್ ಬೈ ಕಾಲಂ ಕೊಡಿ.

ಪ್ರಶ್ನೆ: ಒಂದೇ ದಿನದಲ್ಲಿ ಡೇಟಾ ಅನಲಿಸ್ಟ್ ಮಾಡುತ್ತೇವೆ ಎಂಬ ತರಬೇತಿಗೆ ಸೇರಬಹುದೇ?

ಉತ್ತರ: ಬೇಡ.

ಪ್ರಶ್ನೆ: ರಾಯಚೂರಿನ ಹತ್ತಿ ವ್ಯಾಪಾರಿ. ರೈತರ 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಗಳೆಲ್ಲ ಸೊನ್ನೆಯಲ್ಲಿ ಕೊನೆಗೊಳ್ಳುತ್ತಿವೆ. ಹಿಂದಕ್ಕೆ ತರಬಹುದೇ?

ಉತ್ತರ: ಆ ಫೈಲಿನಿಂದ ಆಗುವುದಿಲ್ಲ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ, ಅದರ ನಂತರದ್ದು ಸೊನ್ನೆಯಾಗುತ್ತದೆ. ಪಾಸ್‌ಬುಕ್‌ ಪ್ರತಿಗಳನ್ನು ತೆಗೆಸಿ, ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಂಡು ಮತ್ತೆ ತುಂಬಿ. ಅದು ಮುಗಿಯುವವರೆಗೆ ಆ ಪಟ್ಟಿಯಿಂದ ಯಾರಿಗೂ ಹಣ ವರ್ಗಾಯಿಸಬೇಡಿ.