ಸೂರ್ಯನ ಮೇಲೆ ಯಾರಿಗೂ ಸಿಟ್ಟಿಲ್ಲ

ಬೆಂಗಳೂರಿನ ಓದುಗರೊಬ್ಬರ ಪತ್ರ: "ಕಲ್ಲಿದ್ದಲು ಬೇಡ, ಹಸಿರು ವಿದ್ಯುತ್ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಯೋಜನೆ ತಮ್ಮೂರಿಗೆ ಬಂದರೆ ಮಾತ್ರ ಬಾವುಟ ಹಿಡಿಯುತ್ತಾರೆ. ಇದು ಸ್ವಾರ್ಥವಲ್ಲದೆ ಇನ್ನೇನು? ಇಂಥವರಿಗೆ ತಿಳಿವಳಿಕೆ ಕೊಡುವ ಲೇಖನ ನೀವೇಕೆ ಹಾಕುವುದಿಲ್ಲ?"

ಸಂಪಾದಕರ ಉತ್ತರ:

ತಿಳಿಯದೆ ವಿರೋಧಿಸುತ್ತಾರೆ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ, ಸ್ವಾಮಿ. ಶರಾವತಿ ಕಣಿವೆಯನ್ನೇ ನೋಡಿ. ತಳಕಳಲೆ, ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪವಿದೆ. ಕರೆಂಟು ಮಿಕ್ಕಾಗ ನೀರನ್ನು ಮೇಲೆತ್ತಿ, ಬೇಕಾದಾಗ ಕೆಳಗೆ ಬಿಟ್ಟು ಮತ್ತೆ ಕರೆಂಟು ತೆಗೆಯುವುದು. ಎತ್ತುವುದಕ್ಕೆ ಖರ್ಚಾಗುವ ಕರೆಂಟಿಗಿಂತ ವಾಪಸು ಸಿಗುವುದು ಕಡಿಮೆ. ಆದರೂ ಹೊತ್ತು ಮುಳುಗಿ ಸೌರ ವಿದ್ಯುತ್ ನಿಂತ ಮೇಲೆ ಅದು ಬೇಕು. ಈ ಲೆಕ್ಕ ಅರ್ಥವಾಗದೆ ಅಲ್ಲಿನವರು ಬೇಡ ಎನ್ನುತ್ತಿಲ್ಲ. ಸಿಂಗಳೀಕಗಳ ಕಾಡಿನ ಚಿಂತೆ ಒಂದು ಕಡೆ. ಇನ್ನೊಂದು, ಹಳೆಯ ಗಾಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ನಾಡಿಗೆ ಬೆಳಕು ಕೊಡಲೆಂದೇ ಇವರ ಅಜ್ಜ ಅಜ್ಜಿಯರನ್ನು ಮನೆ ಬಿಡಿಸಿದ್ದು. ಆ ಮುಳುಗಡೆ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುತ್ತಿದ್ದಾರೆ. "ನಾಡಿನ ಹಿತಕ್ಕಾಗಿ" ಎಂದೊಡನೆ ಅವರಿಗೆ ನೆನಪಾಗುವುದು ಆ ಕಡತ.

ಪಾವಗಡದಲ್ಲಿ ಇಷ್ಟು ಗಲಾಟೆ ಆಗಲಿಲ್ಲ. 2,050 ಮೆಗಾವಾಟ್ ಸೌರ ಪಾರ್ಕಿಗೆ ಬೇಕಾದ ಸುಮಾರು 13,000 ಎಕರೆಯನ್ನು ಕೊಂಡುಕೊಳ್ಳದೆ 28 ವರ್ಷಕ್ಕೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿ ರೈತನ ಹೆಸರಲ್ಲೇ ಉಳಿಯಿತು, ಶೇಂಗಾ ಕೈಕೊಟ್ಟ ವರ್ಷವೂ ದುಡ್ಡು ಬರುತ್ತದೆ. ಒಪ್ಪದೆ ಏನು ಮಾಡುತ್ತಾರೆ! ಆದರೆ ಅದೇ ಊರಿನಲ್ಲಿ ಜಮೀನಿಲ್ಲದ ಕೂಲಿಯವರನ್ನು ಕೇಳಿ. ಹೊಲದ ಜೊತೆಗೆ ಕೂಲಿಯೂ ಹೋಯಿತು, ಕುರಿ ಮೇಯುತ್ತಿದ್ದ ಕಡೆ ಬೇಲಿ ಬಂತು, ಗುತ್ತಿಗೆ ಹಣದಲ್ಲಿ ಅವರಿಗೆ ಬಿಡಿಗಾಸಿಲ್ಲ. ಅವರನ್ನು ಸೂರ್ಯನ ವಿರೋಧಿಗಳು ಎನ್ನೋಣವೇ?

ಡೆನ್ಮಾರ್ಕಿನ ಸಾಮ್ಸೊ ದ್ವೀಪದಲ್ಲಿ ನೆಲದ ಮೇಲೆ ನಿಂತ 11 ಗಾಳಿಯಂತ್ರಗಳಿಗೆ ಅಲ್ಲಿನ ರೈತರು ಮತ್ತು ಷೇರು ಹಾಕಿದ ನಿವಾಸಿಗಳೇ ಒಡೆಯರಾದರು. ನಮ್ಮ ಪಂಪ್‌ಸೆಟ್ಟಿನ ಸದ್ದಿಗೆ ನಮಗೆ ಒಳ್ಳೆಯ ನಿದ್ದೆ ಬರುತ್ತದೆ, ಪಕ್ಕದವರದಾದರೆ ಬರುವುದಿಲ್ಲ. ಇದನ್ನು ಸ್ವಾರ್ಥ ಎನ್ನುತ್ತೀರಾದರೆ ಎನ್ನಿ. ಲಾಭ ಒಂದು ಕಡೆ, ಬೇಲಿ ಇನ್ನೊಂದು ಕಡೆ ಬೀಳುವಂತೆ ಯೋಜನೆ ಹಾಕಿದವರನ್ನೂ ಅದೇ ತಕ್ಕಡಿಯಲ್ಲಿ ಕೂರಿಸಿ.

ಲೇಖನ ಕೇಳಿದಿರಿ, ಹಾಕುತ್ತೇವೆ. ಊರವರಿಗೆ ತಿಳಿಹೇಳುವ ಲೇಖನವಲ್ಲ. ಶರಾವತಿಯ ಅಹವಾಲು ಸಭೆಗೆ ಬಂದವರು ಮೈಕಿನ ಮುಂದೆ ಏನೇನು ಹೇಳಿದರು ಎಂಬುದನ್ನು ಅವರದೇ ಮಾತಿನಲ್ಲಿ ಹಾಕುತ್ತೇವೆ.